ಸಿಇಟಿ ಮುಗಿಯಿತು, ಓಎಂಆರ್ ಪ್ರತಿಯನ್ನು ಈಗ ಓದಬೇಕು

ಎಂಜಿನಿಯರಿಂಗ್ ಮುಂತಾದ ವೃತ್ತಿ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಸಿಇಟಿ ಮುಗಿದು ಫಲಿತಾಂಶ ಬರುವ ತನಕ ಮನೆಯವರಿಂದ ಹಿಡಿದು ಪಕ್ಕದ ಬೀದಿಯವರವರೆಗೆ ಎಲ್ಲರೂ ಕೇಳುವುದು ಒಂದೇ ಮಾತು: ನೂರೆಂಬತ್ತಕ್ಕೆ ಎಷ್ಟು ಬರುತ್ತೆ? ಕೋಚಿಂಗ್ ಸೆಂಟರ್‌ಗಳ ಕೀ ಆನ್ಸರ್ ಅಂದೇ ಸಂಜೆ ವಾಟ್ಸ್ಆ್ಯಪ್‌ಗೆ ಬಂದಿರುತ್ತದೆ. ಹುಡುಗರು ಬೇಗ ಬೇಗ ಟಿಕ್ ಹಾಕಿ, ಕೂಡಿಸಿ, ಒಂದು ಸಂಖ್ಯೆ ಹೇಳಿ, ಪ್ರಶ್ನೆಪತ್ರಿಕೆಯನ್ನು ಕಪಾಟಿಗೆ ತುರುಕಿಬಿಡುತ್ತಾರೆ. ಆ ಸಂಖ್ಯೆ ಸರಿಯಾಗಿಯೇ ಇರಬಹುದು, ಆದರೆ ಅದರಿಂದ ತಿಳಿಯುವುದು ತೀರ ಕಡಿಮೆ. ಭೌತಶಾಸ್ತ್ರದಲ್ಲಿ ಅರವತ್ತಕ್ಕೆ 36 ಬಂದ ಇಬ್ಬರಿದ್ದರೆ, ಒಬ್ಬಳಿಗೆ ವಿಷಯ ಗೊತ್ತಿದ್ದೂ ಸಮಯ ಸಾಲದೆ ಹೋಗಿರಬಹುದು. ಇನ್ನೊಬ್ಬನಿಗೆ ಪ್ರಥಮ ಪಿಯು ಪಾಠಗಳು ಪೂರ್ತಿ ಮರೆತೇ ಹೋಗಿರಬಹುದು. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಂತೂ ಅದು ಉಪಯೋಗಕ್ಕೆ ಬರುವುದಿಲ್ಲ. ಒಂದೊಂದು ಅಂಕವೂ ಯಾಕೆ ಹೋಯಿತು ಎಂದು ಪತ್ತೆ ಹಚ್ಚುವುದೇ ನಿಜವಾದ ಅವಲೋಕನ. ಅದಕ್ಕೆ ಬೇಕಾದ ಸಾಕ್ಷಿಯೆಲ್ಲ ನಿಮ್ಮ ಕೈಯಲ್ಲೇ ಇದೆ.

ಸಾಕ್ಷಿ ಎಂದರೆ ಎರಡು ವಸ್ತು. ಒಂದು, ಓಎಂಆರ್ ಹಾಳೆಯ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯ ಪ್ರತಿ. ಪರೀಕ್ಷೆ ಮುಗಿದಾಗ ಕೊಠಡಿ ಮೇಲ್ವಿಚಾರಕರು ಮೇಲಿನ ಹಾಳೆಯನ್ನು ಬೇರ್ಪಡಿಸಿಕೊಂಡು ಕೆಳಗಿನದನ್ನು ನಿಮಗೆ ಕೊಡುತ್ತಾರೆ. ಸ್ವಂತ ಮೌಲ್ಯಮಾಪನಕ್ಕೆಂದೇ ಅದನ್ನು ಕೊಡುವುದು. ಇನ್ನೊಂದು, ಪ್ರಶ್ನೆಪತ್ರಿಕೆಯ ಪುಸ್ತಿಕೆ. ರಫ್ ವರ್ಕ್ ಮಾಡಲು ಅದರಲ್ಲೇ ಜಾಗ ಬಿಟ್ಟಿರುವುದರಿಂದ ನಿಮ್ಮ ಯೋಚನೆಯ ಜಾಡು ಪುಟಪುಟದಲ್ಲೂ ಉಳಿದಿರುತ್ತದೆ. ಯಾವ ಲೆಕ್ಕಕ್ಕೆ ಅರ್ಧ ಪುಟ ಹೋಗಿದೆ, ಯಾವುದನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದೀರಿ, ಯಾವುದರ ಪಕ್ಕದಲ್ಲಿ ಏನೂ ಇಲ್ಲ, ಎಲ್ಲವೂ ಅಲ್ಲಿ ಕಾಣುತ್ತದೆ. ಓಎಂಆರ್ ಪ್ರತಿಯ ಬಗ್ಗೆ ಒಂದು ಎಚ್ಚರಿಕೆ: ಪೆನ್ನನ್ನು ಹಗುರವಾಗಿ ಒತ್ತಿದ್ದರೆ ಕೆಳಹಾಳೆಯಲ್ಲಿ ಗುರುತು ಮಸುಕಾಗಿರುತ್ತದೆ. ಮಸುಕಾಗಿದೆ ಎಂದು ಗಾಬರಿ ಬೀಳಬೇಡಿ, ಎಣಿಕೆಗೆ ಹೋಗುವುದು ಮೇಲಿನ ಹಾಳೆ.

ಮೊದಲ ಸುತ್ತನ್ನು ಕೀ ಆನ್ಸರ್ ನೋಡದೆಯೇ ಮಾಡಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ಅತಿ ಮುಖ್ಯವಾದದ್ದೂ ಇದೇ. ಪರೀಕ್ಷೆ ಮುಗಿದ ಒಂದೆರಡು ದಿನದೊಳಗೆ, ನೆನಪು ಹಸಿಯಾಗಿರುವಾಗ, ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ. ಉತ್ತರ ಖಚಿತವಾಗಿ ಗೊತ್ತಿತ್ತು ಎನ್ನುವುದಕ್ಕೆ 'ಖ'. ಎರಡು ಆಯ್ಕೆಗಳ ನಡುವೆ ತೂಗಾಡಿ ಒಂದನ್ನು ಹಿಡಿದೆ ಎನ್ನುವುದಕ್ಕೆ 'ಎ'. ಕಣ್ಣು ಮುಚ್ಚಿ ಶೇಡ್ ಮಾಡಿದೆ ಎನ್ನುವುದಕ್ಕೆ 'ಗೆ', ಅಂದರೆ ಗೆಸ್. ಕೀ ನೋಡಿದ ಮೇಲೆ ಇದನ್ನು ಮಾಡಿದರೆ ಮನಸ್ಸು ಮೋಸ ಮಾಡುತ್ತದೆ. ಸರಿಯಾದವೆಲ್ಲ ಮೊದಲೇ ಗೊತ್ತಿದ್ದವು, ತಪ್ಪಾದವೆಲ್ಲ ಬರೀ ಅನುಮಾನದಲ್ಲಿ ಬರೆದವು ಎಂದು ಅನಿಸಲು ಶುರುವಾಗುತ್ತದೆ.

ಆಮೇಲೆ ಕೀ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತಾತ್ಕಾಲಿಕ ಕೀ ಉತ್ತರಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಅದು ಬರುವ ತನಕ ಕಾಯುವುದು ಒಳ್ಳೆಯದು, ಏಕೆಂದರೆ ತರಾತುರಿಯಲ್ಲಿ ತಯಾರಾದ ಖಾಸಗಿ ಕೀಗಳಲ್ಲಿ ಒಂದಕ್ಕೊಂದು ಹೊಂದದ ಉತ್ತರಗಳು ಇದ್ದೇ ಇರುತ್ತವೆ. ನಿಮ್ಮ ಪುಸ್ತಿಕೆಯ ವರ್ಷನ್ ಕೋಡ್ ಯಾವುದೋ ಅದೇ ಕೋಡ್‌ನ ಕೀಯನ್ನೇ ತೆಗೆದುಕೊಳ್ಳಿ, ಪ್ರಶ್ನೆಗಳ ಕ್ರಮ ಕೋಡ್‌ನಿಂದ ಕೋಡ್‌ಗೆ ಬೇರೆ. ಬೇರೆ ಕೋಡ್‌ನ ಕೀ ಜೊತೆ ತಾಳೆ ನೋಡಿ, ಅರವತ್ತಕ್ಕೆ ಹದಿನೈದೇ ಬಂತು ಎಂದು ಇಡೀ ರಾತ್ರಿ ಅತ್ತವರಿದ್ದಾರೆ. ಕೀಯಲ್ಲೇ ತಪ್ಪಿದೆ ಎನಿಸಿದರೆ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನಗಳ ಅವಕಾಶ ಇರುತ್ತದೆ. ವಿಷಯ, ವರ್ಷನ್ ಕೋಡ್, ಪ್ರಶ್ನೆಯ ಸಂಖ್ಯೆ, ಜೊತೆಗೆ ಆಧಾರ. ಆಧಾರವಾಗಿ ಪಠ್ಯಪುಸ್ತಕದ ಪುಟವನ್ನೇ ಕೊಡಿ, ಗೈಡ್‌ಗಳ ಪುಟ ಬೇಡ. ವಿಷಯ ತಜ್ಞರ ಸಮಿತಿ ಒಪ್ಪಿದರೆ ಅಂತಿಮ ಕೀಯಲ್ಲಿ ಅದು ಬದಲಾಗುತ್ತದೆ.

ಕೀ ಜೊತೆ ತಾಳೆ ಹಾಕಿದಾಗ ಪ್ರತಿ ವಿಷಯದಲ್ಲೂ ಆರು ಗುಂಪುಗಳಾಗುತ್ತವೆ: ಖ, ಎ, ಗೆ, ಇವುಗಳಲ್ಲಿ ಸರಿ ಎಷ್ಟು, ತಪ್ಪು ಎಷ್ಟು. ಒಟ್ಟು ಅಂಕಕ್ಕಿಂತ ಈ ಆರು ಸಂಖ್ಯೆಗಳನ್ನು ನೋಡಿ.

ಗೆಸ್‌ನಿಂದ ಶುರು ಮಾಡೋಣ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ನಾಲ್ಕು ಆಯ್ಕೆ, ಹಾಗಾಗಿ ಯಾರೂ ಖಾಲಿ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಇದರಿಂದ ಅಂಕಗಳೊಳಗೆ ಅದೃಷ್ಟ ಬೆರೆತಿರುತ್ತದೆ. ಒಂದು ಒರಟು ಲೆಕ್ಕ ಹೀಗೆ: ಒಂದು ವಿಷಯದಲ್ಲಿ ಅರವತ್ತಕ್ಕೆ ಬಂದ ಅಂಕವನ್ನು ನಾಲ್ಕರಿಂದ ಗುಣಿಸಿ, 60 ಕಳೆದು, ಮೂರರಿಂದ ಭಾಗಿಸಿ. 36 ಬಂದಿದ್ದರೆ 144ರಲ್ಲಿ 60 ಹೋಗಿ 84, ಮೂರರಿಂದ ಭಾಗಿಸಿದರೆ 28. ಅಂದರೆ ಸುಮಾರು 28 ಪ್ರಶ್ನೆ ನಿಜವಾಗಿ ಗೊತ್ತಿದ್ದವು, ಉಳಿದ 32ರಲ್ಲಿ ಎಂಟು ತಾವಾಗಿಯೇ ಒದಗಿಬಂದವು. ಗೊತ್ತಿಲ್ಲದ್ದನ್ನೆಲ್ಲ ಕಣ್ಣು ಮುಚ್ಚಿ ಶೇಡ್ ಮಾಡಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅರ್ಧಂಬರ್ಧ ಗೊತ್ತಿದ್ದವು ಹೆಚ್ಚಿದ್ದರೆ ನಿಮ್ಮ 'ಖ' ಗುಂಪಿನ ಎಣಿಕೆಯನ್ನೇ ನಂಬಿ. ಮೂರೂ ವಿಷಯ ಸೇರಿ 60 ಪ್ರಶ್ನೆ ಗೆಸ್ ಮಾಡಿದ್ದರೆ ಸರಾಸರಿ 15 ಬರಬೇಕು. ಆದರೆ ಸಂಭವನೀಯತೆಯ ಲೆಕ್ಕದ ಪ್ರಕಾರ ಹನ್ನೆರಡಾಗುವುದೂ ಹದಿನೆಂಟಾಗುವುದೂ ತೀರ ಸಾಮಾನ್ಯ. ಹಾಗಾಗಿ ಗೆಳತಿಗಿಂತ ಐದು ಅಂಕ ಕಡಿಮೆ ಬಂತು ಎಂದು ಕೊರಗುವ ಮೊದಲು ಇಬ್ಬರ 'ಗೆ' ಗುಂಪನ್ನೂ ಹೋಲಿಸಿ ನೋಡಬೇಕು.

'ಎ' ಗುಂಪು ಇನ್ನೂ ಹೆಚ್ಚು ಹೇಳುತ್ತದೆ. ಎರಡರಲ್ಲಿ ಒಂದನ್ನು ಹಿಡಿದಾಗ ಅರ್ಧದಷ್ಟಾದರೂ ಸರಿ ಬರಬೇಕು. 20 ಪ್ರಶ್ನೆಯಲ್ಲಿ ಐದೇ ಸರಿಯಾಗಿದ್ದರೆ ಅದನ್ನು ದುರದೃಷ್ಟ ಎನ್ನಲಾಗದು, ಅಂಥದ್ದು ಬರೀ ಆಕಸ್ಮಿಕವಾಗಿ ನೂರರಲ್ಲಿ ಎರಡು ಸಲ ಆಗಬಹುದು ಅಷ್ಟೆ. ತಪ್ಪು ಆಯ್ಕೆಯ ಕಡೆಗೇ ನಿಮ್ಮನ್ನು ಎಳೆಯುವ ಯಾವುದೋ ತಪ್ಪು ತಿಳಿವಳಿಕೆ ಒಳಗೆ ಕೂತಿದೆ ಎಂದು ಅರ್ಥ.

ಎಲ್ಲಕ್ಕಿಂತ ಬೆಲೆಬಾಳುವ ಗುಂಪು, ಖಚಿತ ಎಂದುಕೊಂಡು ತಪ್ಪಾದವು. ಇಲ್ಲಿ ನಿಧಾನವಾಗಿ ಕೂರಬೇಕು. ಬಹುಆಯ್ಕೆ ಪ್ರಶ್ನೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬುವುದಿಲ್ಲ. ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂದು ಯೋಚಿಸಿ, ಎಡವಿದರೆ ಸಿಗುವ ಉತ್ತರವನ್ನೇ ಆಯ್ಕೆಯಾಗಿ ಇಡುತ್ತಾರೆ. ಆದ್ದರಿಂದ ನೀವು ಶೇಡ್ ಮಾಡಿದ ತಪ್ಪು ಆಯ್ಕೆ ಯಾವುದು ಎನ್ನುವುದೇ ಎಲ್ಲಿ ಎಡವಿದಿರಿ ಎನ್ನುವುದನ್ನು ಹೇಳುತ್ತದೆ. ಗಣಿತದಲ್ಲಿ 3×3 ಮಾತೃಕೆ ಎ, ಅದರ ನಿರ್ಧಾರಕ 5, ಹಾಗಾದರೆ 2ಎಯ ನಿರ್ಧಾರಕ ಎಷ್ಟು ಎಂದು ಕೇಳಿದ್ದಾರೆ ಅಂದುಕೊಳ್ಳಿ. ಸರಿ ಉತ್ತರ 40, ಏಕೆಂದರೆ ಮೂರೂ ಸಾಲುಗಳಿಂದ ಒಂದೊಂದು 2 ಹೊರಬರುತ್ತದೆ. ನೀವು 10 ಎಂದು ಬರೆದಿದ್ದರೆ ಮಾತೃಕೆಯನ್ನು ಸಂಖ್ಯೆಯಿಂದ ಗುಣಿಸುವುದಕ್ಕೂ ನಿರ್ಧಾರಕವನ್ನು ಗುಣಿಸುವುದಕ್ಕೂ ಇರುವ ವ್ಯತ್ಯಾಸ ನಿಮ್ಮಲ್ಲಿ ಕೂತಿಲ್ಲ. 20 ಎಂದು ಬರೆದಿದ್ದರೆ ಸೂತ್ರ ಗೊತ್ತಿದೆ, ಘಾತದಲ್ಲಿ ಎಡವಿದ್ದೀರಿ. ಎರಡಕ್ಕೂ ಅಂಕ ಸೊನ್ನೆಯೇ, ಆದರೆ ಮೊದಲನೆಯದಕ್ಕೆ ಪಾಠವನ್ನೇ ಮತ್ತೆ ಓದಬೇಕು, ಎರಡನೆಯದಕ್ಕೆ ಹತ್ತು ಲೆಕ್ಕ ಮಾಡಿದರೆ ಸಾಕು. ಸೈನ್ ವಿಲೋಮದೊಳಗೆ ಸೈನ್ 2π/3 ಇಟ್ಟು ಕೇಳಿದಾಗ 2π/3 ಎಂದೇ ಶೇಡ್ ಮಾಡುವುದು ಇನ್ನೊಂದು ಹಳೆಯ ಜಾರುಗುಂಡಿ. ಪ್ರಧಾನ ಬೆಲೆ ಋಣ π/2ರಿಂದ ಧನ π/2ರೊಳಗೇ ಇರಬೇಕು, ಹಾಗಾಗಿ ಉತ್ತರ π/3.

ಭೌತಶಾಸ್ತ್ರದಲ್ಲಿ ತಂತಿಯನ್ನು ಎಳೆದು ಉದ್ದ ಇಮ್ಮಡಿ ಮಾಡಿದರೆ ರೋಧ ನಾಲ್ಕು ಪಟ್ಟಾಗುತ್ತದೆ. ಎರಡು ಪಟ್ಟು ಎಂದು ಬರೆದವರು ಗಾತ್ರ ಬದಲಾಗದೆ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಗುವುದನ್ನು ಮರೆತಿರುತ್ತಾರೆ. ಕೆಪಾಸಿಟರ್ ಪ್ರಶ್ನೆಗಳು ಇನ್ನೂ ಚೆನ್ನಾಗಿ ತೋರಿಸುತ್ತವೆ. ಫಲಕಗಳ ನಡುವೆ ಡೈಎಲೆಕ್ಟ್ರಿಕ್ ಇಟ್ಟಾಗ ಶಕ್ತಿ ಹೆಚ್ಚುತ್ತದೆಯೋ ಇಳಿಯುತ್ತದೆಯೋ? ಬ್ಯಾಟರಿ ಜೋಡಿಸಿಯೇ ಇದ್ದರೆ ವಿಭವ ಸ್ಥಿರ, ಶಕ್ತಿ ಹೆಚ್ಚುತ್ತದೆ. ಬ್ಯಾಟರಿ ತೆಗೆದಿದ್ದರೆ ಆವೇಶ ಸ್ಥಿರ, ಶಕ್ತಿ ಇಳಿಯುತ್ತದೆ. ಪಿಯು ಪರೀಕ್ಷೆಯಲ್ಲಿ ಧಾರಕತೆಯ ಸೂತ್ರವನ್ನು ನಿಷ್ಪತ್ತಿ ಸಮೇತ ಬರೆದು ಪೂರ್ತಿ ಅಂಕ ಪಡೆದವರೂ ಇಲ್ಲಿ ತಪ್ಪುವುದುಂಟು, ಪ್ರಶ್ನೆಯಲ್ಲಿದ್ದ 'ಬ್ಯಾಟರಿ ತೆಗೆದ ನಂತರ' ಎನ್ನುವ ಮೂರು ಪದ ಕಣ್ಣಿಗೆ ಬಿದ್ದಿರುವುದಿಲ್ಲ.

ಇದೇ ಕಾರಣಕ್ಕೆ ಪಿಯುನಲ್ಲಿ ತೊಂಬತ್ತೈದು ಪರ್ಸೆಂಟ್ ತೆಗೆದ ಮಕ್ಕಳು ಸಿಇಟಿಯಲ್ಲಿ ಐವತ್ತು ಪರ್ಸೆಂಟ್‌ಗೆ ನಿಂತಾಗ ಸೋಮಾರಿ ಎಂದು ಬೈಯುವುದು ಅನ್ಯಾಯ. ಎರಡು ಪರೀಕ್ಷೆಗಳೂ ಬೇರೆ ಬೇರೆ ಕೌಶಲ ಕೇಳುತ್ತವೆ. ಅಲ್ಲಿ ಹಂತ ಹಂತಕ್ಕೂ ಅಂಕ ಉಂಟು, ಪ್ರಶ್ನೆಗಳಲ್ಲಿ ಆಯ್ಕೆ ಉಂಟು, ಪ್ರಾಯೋಗಿಕ ಪರೀಕ್ಷೆಯ ಅಂಕ ಜೊತೆಗಿದೆ. ಇಲ್ಲಿ ಕೊನೆಯ ಹಂತದಲ್ಲಿ ಚಿಹ್ನೆ ತಪ್ಪಿದರೂ ಸೊನ್ನೆ. ಪ್ರಥಮ ಪಿಯು ಪಾಠಗಳೂ ಸೇರುತ್ತವೆ.

ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರದ ತಪ್ಪುಗಳಲ್ಲಿ ಒಂದು ದೊಡ್ಡ ಪಾಲು ಓದುವ ಅವಸರದ್ದು. 'ಕೆಳಗಿನವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು' ಎಂದಿದ್ದರೆ ಮೊದಲು ಕಂಡ ಸರಿ ಹೇಳಿಕೆಗೇ ಪೆನ್ನು ಹೋಗಿರುತ್ತದೆ. ಇಂಥವನ್ನು ಗುರುತಿಸುವುದು ಸುಲಭ, ಪ್ರಶ್ನೆಯನ್ನು ಮತ್ತೊಮ್ಮೆ ಜೋರಾಗಿ ಓದಿದ ಕೂಡಲೇ ಉತ್ತರ ಹೊಳೆಯುತ್ತದೆ. ಪುಸ್ತಿಕೆಯಲ್ಲಿ 'ಅಲ್ಲ' ಎಂಬ ಪದಕ್ಕೆ ಸುತ್ತು ಹಾಕುವ ಅಭ್ಯಾಸ ಮಾಡಿಕೊಂಡರೆ ಈ ಅಂಕಗಳು ಬಹುಮಟ್ಟಿಗೆ ವಾಪಸ್ ಬರುತ್ತವೆ. ಇದಕ್ಕೆ ಭಿನ್ನವಾದದ್ದು ಬೇರಿನ ತುದಿಯ ಕೋಶದಲ್ಲಿ 24 ಕ್ರೋಮೋಸೋಮ್ ಇದ್ದರೆ ಭ್ರೂಣಾಹಾರದಲ್ಲಿ ಎಷ್ಟು ಎಂಬಂಥ ಪ್ರಶ್ನೆ. ಭ್ರೂಣಾಹಾರ ತ್ರಿಗುಣಿತ ಎಂದು ಬಾಯಿಪಾಠ ಇದ್ದೂ 72 ಎಂದು ಬರೆದವರು, ಬೇರಿನ ಕೋಶ ಆಗಲೇ ದ್ವಿಗುಣಿತ ಎನ್ನುವುದನ್ನು ಜೋಡಿಸಿಕೊಳ್ಳಲಿಲ್ಲ. ಒಂದು ಗಣದಲ್ಲಿ 12, ಮೂರು ಗಣಕ್ಕೆ 36. ಎರಡು ತಿಳಿವಳಿಕೆಗಳನ್ನು ಒಂದೆಡೆ ತರುವ ಅಭ್ಯಾಸ ಸಾಲದಿದ್ದಾಗ ಆಗುವ ತಪ್ಪು ಇದು. ಎಷ್ಟು ಸಲ ಉರು ಹೊಡೆದರೂ ಹೋಗುವುದಿಲ್ಲ.

ತಪ್ಪಾದ ಪ್ರತಿ ಪ್ರಶ್ನೆಯನ್ನೂ ಪರಿಹಾರ ನೋಡದೆ, ಗಡಿಯಾರ ನೋಡದೆ ಇನ್ನೊಮ್ಮೆ ಬಿಡಿಸಿ. ಸಲೀಸಾಗಿ ಸರಿ ಬಂದರೆ ಅಂದು ಕೈಕೊಟ್ಟಿದ್ದು ಸಮಯ ಅಥವಾ ಗಮನ. ಮತ್ತೆ ಅದೇ ತಪ್ಪು ಆಯ್ಕೆ ಬಂದರೆ ಪರಿಕಲ್ಪನೆಯಲ್ಲೇ ದೋಷ. ಬಿಡಿಸಲು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದಿದ್ದರೆ ಆ ಪಾಠ ನಿಮಗೆ ಬಂದೇ ಇಲ್ಲ. ಸರಿಯಾದವುಗಳಲ್ಲೂ 'ಎ' ಮತ್ತು 'ಗೆ' ಎಂದು ಬರೆದವನ್ನು ಇದೇ ರೀತಿ ಬಿಡಿಸಬೇಕು. ಅಂಕ ಬಂದಿದೆ ಎಂದು ಅವುಗಳನ್ನು ಬಿಟ್ಟರೆ ಮುಂದಿನ ಪರೀಕ್ಷೆಯಲ್ಲಿ ಅವೇ ತಪ್ಪುತ್ತವೆ.

ಸಮಯದ ಲೆಕ್ಕವನ್ನೂ ಪುಸ್ತಿಕೆಯಿಂದಲೇ ತೆಗೆಯಬಹುದು. ಪತ್ರಿಕೆಯ ಒಟ್ಟು ಅವಧಿ 80 ನಿಮಿಷವಾದರೂ ಉತ್ತರಿಸಲು ಸಿಗುವುದು 70 ನಿಮಿಷ, 60 ಪ್ರಶ್ನೆ. ಒಂದೊಂದಕ್ಕೆ 70 ಸೆಕೆಂಡ್. ವೃತ್ತ ತುಂಬಲು ನಾಲ್ಕೈದು ಸೆಕೆಂಡ್ ಹಿಡಿದರೂ ಅದಕ್ಕೇ ಸುಮಾರು ಐದು ನಿಮಿಷ ಹೋಗುತ್ತದೆ. ನೀವು ಉತ್ತರಿಸಿದ ಕ್ರಮದಲ್ಲಿ ಕೊನೆಯ ಹದಿನೈದು ಪ್ರಶ್ನೆಗಳನ್ನು ಬೇರೆ ಮಾಡಿ ನೋಡಿ. ತಪ್ಪುಗಳು ಅಲ್ಲೇ ಗುಂಪುಗೂಡಿದ್ದರೆ, ಅದಕ್ಕೂ ಮೊದಲು ಯಾವ ಪ್ರಶ್ನೆಗಳ ಪಕ್ಕದಲ್ಲಿ ರಫ್ ವರ್ಕ್ ಪುಟ ತುಂಬಿದೆ ಎಂದು ಹುಡುಕಿ. ಗಣಿತದಲ್ಲಿ ಇಂಥ ಮೂರು ನಾಲ್ಕು ಪ್ರಶ್ನೆಗಳೇ ಕಾಲು ಗಂಟೆ ನುಂಗಿರುತ್ತವೆ. ಅವುಗಳಲ್ಲಿ ಎಷ್ಟು ಸರಿಯಾದವು ಎಂದೂ ನೋಡಿ. ಎರಡು ನಿಮಿಷವಾದರೂ ದಾರಿ ಕಾಣದಿದ್ದರೆ ಗುರುತು ಹಾಕಿ ಮುಂದೆ ಹೋಗಬೇಕು ಎಂಬ ಮಾತು ಎಲ್ಲರಿಗೂ ಗೊತ್ತು. ಅದನ್ನು ಪಾಲಿಸದೆ ಹೋದ ಬೆಲೆ ಎಷ್ಟು ಎಂದು ಹೀಗೆ ಲೆಕ್ಕ ಹಾಕಿದಾಗಲೇ ಮನವರಿಕೆಯಾಗುವುದು.

ಅಪರೂಪಕ್ಕೆ ಸಾಲು ತಪ್ಪಿರುವ ಪ್ರಸಂಗ ಇರುತ್ತದೆ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವರು ಓಎಂಆರ್‌ನಲ್ಲಿ ಆ ಸಾಲನ್ನು ಬಿಡಲು ಮರೆತು, ಅಲ್ಲಿಂದ ಮುಂದೆಲ್ಲ ಒಂದು ಸಾಲು ಮೇಲಕ್ಕೆ ಶೇಡ್ ಮಾಡಿರುತ್ತಾರೆ. ಒಂದು ಸಂಖ್ಯೆಯಿಂದಾಚೆ ಇದ್ದಕ್ಕಿದ್ದಂತೆ ಎಲ್ಲವೂ ತಪ್ಪಾಗಿದ್ದರೆ ನಿಮ್ಮ ಉತ್ತರಗಳನ್ನು ಒಂದು ಸಾಲು ಸರಿಸಿ ಕೀ ಜೊತೆ ಹೋಲಿಸಿ. ಆಗ ಸರಾಗವಾಗಿ ಹೊಂದಿದರೆ ಕಾರಣ ಅದೇ. ಬಾಲ್ ಪಾಯಿಂಟ್ ಪೆನ್ನಿನ ಗುರುತು ಅಳಿಸಲಾಗದು, ಹೋದ ಅಂಕ ವಾಪಸ್ ಬರುವುದಿಲ್ಲ. ಆದರೆ ಓದಿನಲ್ಲಿ ಕೊರತೆಯಿಲ್ಲ ಎಂದು ತಿಳಿಯುವುದು ಆ ವಿದ್ಯಾರ್ಥಿಗೆ ಬಹಳ ದೊಡ್ಡ ವಿಷಯ. ಮುಂದೆ ಪ್ರತಿ ಹತ್ತನೇ ಪ್ರಶ್ನೆಗೆ ಸಂಖ್ಯೆ ಹೊಂದಿಸಿ ನೋಡುವುದೊಂದೇ ಪರಿಹಾರ.

ಇನ್ನು ರ‍್ಯಾಂಕ್. ಎಂಜಿನಿಯರಿಂಗ್‌ಗೆ ಪಿಯು ಭೌತ, ರಸಾಯನ, ಗಣಿತದ ಅಂಕಗಳಿಂದ ಅರ್ಧ, ಸಿಇಟಿಯಿಂದ ಅರ್ಧ. ಮುನ್ನೂರಕ್ಕೆ ಬಂದದ್ದನ್ನು ಐವತ್ತಕ್ಕೆ ಇಳಿಸುತ್ತಾರೆ, ನೂರೆಂಬತ್ತಕ್ಕೆ ಬಂದದ್ದನ್ನೂ ಐವತ್ತಕ್ಕೆ ಇಳಿಸುತ್ತಾರೆ. ಹಾಗಾಗಿ ಸಿಇಟಿಯ ಒಂದು ಅಂಕಕ್ಕೆ 0.28ರಷ್ಟು ಬೆಲೆ, ಪಿಯುನ ಒಂದು ಅಂಕಕ್ಕೆ 0.17ರಷ್ಟು. ಪಿಯುನಲ್ಲಿ 282, ಸಿಇಟಿಯಲ್ಲಿ 96 ಬಂದವರಿಗೆ 47 ಮತ್ತು 26.67 ಸೇರಿ 73.67. ಪಿಯುನಲ್ಲಿ 255, ಸಿಇಟಿಯಲ್ಲಿ 114 ಬಂದವರಿಗೆ 42.5 ಮತ್ತು 31.67 ಸೇರಿ 74.17. ಪಿಯುನಲ್ಲಿ 27 ಅಂಕ ಹಿಂದಿದ್ದವರು ಸಿಇಟಿಯ 18 ಅಂಕದಿಂದ ಮುಂದೆ ಬಂದರು.

ಇಷ್ಟು ಅಂಕಕ್ಕೆ ಇಷ್ಟು ರ‍್ಯಾಂಕ್ ಎಂದು ಹಿಂದಿನ ವರ್ಷದ ಪಟ್ಟಿ ಹಿಡಿದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಪತ್ರಿಕೆಯ ಕಾಠಿಣ್ಯ ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗಗಳಿಂದ ಪ್ರಶ್ನೆಗಳು ಬಂದು, ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಬೇಕಾಯಿತು. ಅಂಥ ವರ್ಷದ ಅಂಕವನ್ನು ಬೇರೆ ವರ್ಷದ ಅಂಕದ ಪಕ್ಕ ಇಟ್ಟು ಏನು ತಿಳಿದೀತು? ರ‍್ಯಾಂಕ್ ಬಂದ ಮೇಲೆ ಹಿಂದಿನ ವರ್ಷಗಳ ಕಟಾಫ್, ಅಂದರೆ ಕೊನೆಯ ಸೀಟು ಎಷ್ಟನೇ ರ‍್ಯಾಂಕ್‌ಗೆ ಸಿಕ್ಕಿತು ಎನ್ನುವುದನ್ನು ನೋಡುವುದು ಬೇರೆ, ಅದು ಬೇಕೇ ಬೇಕು. ನೋಡುವಾಗ ನಿಮ್ಮ ಮೀಸಲಾತಿ ವರ್ಗದ ಕೋಡ್‌ನ ಕಾಲಂ ನೋಡಿ. ಜಿಎಂ (ಸಾಮಾನ್ಯ ವರ್ಗ) ಕಾಲಂ ನೋಡಿ ಕೈಚೆಲ್ಲಿದವರು ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿಯ ಕಾಲಂನಲ್ಲಿ ಅದೇ ಕಾಲೇಜು ಪಡೆದದ್ದಿದೆ.

ಮನೆಯವರಿಗೆ ಒಂದು ಮಾತು. ಈ ಅವಲೋಕನ ಮಕ್ಕಳೇ ಮಾಡಬೇಕು, ಪಕ್ಕದಲ್ಲಿ ಕೂತು ಪ್ರತಿ ತಪ್ಪಿಗೂ ನಿಟ್ಟುಸಿರು ಬಿಡಬೇಡಿ. ಮಗುವಿಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾರೊಂದಿಗೂ ಮಾತಿಲ್ಲ ಎಂದಾದರೆ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಮೊದಲು ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತನಾಡುತ್ತಾರೆ.

ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಇನ್ನೂ ಬಾಕಿ ಇರುವವರಿಗೆ ಈ ಕೆಲಸದ ಫಲ ಕೂಡಲೇ ಸಿಗುತ್ತದೆ. ಅಲ್ಲೂ 180 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದರೆ ಮೂರು ವಿಷಯಕ್ಕೂ ಸೇರಿ 180 ನಿಮಿಷ, ಕಂಪ್ಯೂಟರ್ ಮುಂದೆ, ಪಿಯು ಅಂಕದ ಬೆಂಬಲವೂ ಇಲ್ಲ. ಸಿಇಟಿಗಿಂತ ಪ್ರಶ್ನೆಗೆ ಹತ್ತು ಸೆಕೆಂಡ್ ಕಡಿಮೆ ಸಿಗುವುದರಿಂದ, ಸಮಯದ ಗುಂಪಿನಲ್ಲಿ ಹೆಚ್ಚು ತಪ್ಪು ಕಂಡವರು ಹೊಸ ಪಾಠ ಹಿಡಿಯದೆ ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆ ಬಿಡಿಸುವುದು ಒಳ್ಳೆಯದು. ನೀಟ್ ಬರೆಯುವವರು ಮಾತ್ರ 'ಗೆ' ಗುಂಪಿನ ಅಭ್ಯಾಸವನ್ನು ಅಲ್ಲಿಗೆ ಕೊಂಡೊಯ್ಯಬಾರದು. ಅಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ.

ಇನ್ನೊಂದು ವರ್ಷ ಕೂತು ಮತ್ತೆ ಬರೆಯಬೇಕೇ ಎನ್ನುವ ಪ್ರಶ್ನೆಗೂ ಉತ್ತರ ಇದೇ ಕಾಗದದಲ್ಲಿದೆ. ಪಿಯು ಅಂಕ ಹಾಗೆಯೇ ಉಳಿದರೆ ಒಟ್ಟಿನಲ್ಲಿ ಐದು ಅಂಕ ಮೇಲೇರಲು ಸಿಇಟಿಯಲ್ಲಿ 18 ಹೆಚ್ಚು ಬರಬೇಕು. ಆ ಹದಿನೆಂಟು ಎಲ್ಲಿಂದ ಬರುತ್ತವೆ ಎಂದು ನಿಮ್ಮ ಗುಂಪುಗಳಲ್ಲಿ ಬೊಟ್ಟು ಮಾಡಿ ತೋರಿಸಿ. ಓದುವ ಅವಸರದಿಂದ ಆರು, ಸಮಯದಿಂದ ಏಳು, ಪ್ರಥಮ ಪಿಯುನ ಎರಡು ಪಾಠಗಳಿಂದ ಐದು ಎಂದು ಹೇಳಲು ಸಾಧ್ಯವಾದರೆ ಒಂದು ವರ್ಷಕ್ಕೆ ಗಟ್ಟಿ ಆಧಾರವಿದೆ. ತಪ್ಪುಗಳಲ್ಲಿ ಹೆಚ್ಚಿನವು ಮೂರೂ ವಿಷಯಗಳಲ್ಲಿ ಹರಡಿಕೊಂಡ, ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದ ಪ್ರಶ್ನೆಗಳಾಗಿದ್ದರೆ ಅದೇ ಕೋಚಿಂಗ್‌ಗೆ ಅದೇ ರೀತಿ ಮತ್ತೆ ಹೋಗಿ ಹದಿನೆಂಟು ತರುವುದು ಕಷ್ಟ. ಅಂಥವರು ಸಿಕ್ಕ ಸೀಟಿನ ಕಾಲೇಜಿಗೆ ಒಮ್ಮೆ ಹೋಗಿ, ಲ್ಯಾಬ್ ನೋಡಿ, ಅಲ್ಲಿ ಓದುತ್ತಿರುವ ಸೀನಿಯರ್‌ಗಳನ್ನು ಮಾತನಾಡಿಸಿ, ಆಮೇಲೆ ತೀರ್ಮಾನಿಸುವುದು ಲೇಸು. ಸೀಟು ಬಿಡಲು ಕೊನೆಯ ದಿನ ಯಾವುದು, ಆ ನಂತರ ಬಿಟ್ಟರೆ ಎಷ್ಟು ಹಣ ಕಡಿತವಾಗುತ್ತದೆ ಎಂಬುದನ್ನು ಆ ವರ್ಷದ ಅಧಿಸೂಚನೆಯಲ್ಲಿ ಓದಿಕೊಂಡೇ ಹೆಜ್ಜೆ ಇಡಿ.